ಮದುವೆ ವಿಡಿಯೊ ಎಲ್ಲ ಟೇಪಿಗೆ ಹಾಕಿದೆ, ಟೆರಾಬೈಟ್ (ಟಿಬಿ) ಲೆಕ್ಕ ತಪ್ಪಿ ದುಡ್ಡೂ ಕಳೆದೆ

ಹನ್ನೊಂದು ವರ್ಷದಿಂದ ನಾನು ತೆಗೆದ ಮದುವೆ, ಗೃಹಪ್ರವೇಶ, ನಾಮಕರಣದ ಫುಟೇಜ್ ಪೂರ್ತಿ ಈಗ ಎಲ್‌ಟಿಒ-6 ಅನ್ನುವ, ಕಂಪ್ಯೂಟರ್ ಡೇಟಾ ಕಾಪಿಡುವ ಟೇಪಿನಲ್ಲಿದೆ. ಎರಡು ಕಾಪಿ. ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಅಕ್ಕನ ಮನೆ ಬೀರುವಿನಲ್ಲಿ. "ಈ ಕಾಲದಲ್ಲಿ ಟೇಪಾ ಮಾರಾಯ?" ಅಂತ ನಕ್ಕವರೇ ಹೋದ ವಾರ ಟೇಪ್ ಬರೆಯುವ ಡ್ರೈವ್ ಬಾಡಿಗೆಗೆ ಕೇಳಿದರು.

ಮೊದಲ ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ. ವಿಂಡೋಸ್‌ನಲ್ಲಿ ಎಲ್ಲ ಡಿಸ್ಕ್ ಕೂಡಿಸಿದರೆ 42 ಟಿಬಿ. ಟೇಪಿನ ಮೇಲೆ 6.25 ಟಿಬಿ ಅಂತಿತ್ತು. ಏಳು ಸಾಕು, ಇರಲಿ ಅಂತ ಎಂಟು ತಂದೆ, ಹೆಚ್ಚುಕಮ್ಮಿ ಇಪ್ಪತ್ತು ಸಾವಿರ. ಎರಡೂ ಕಡೆ ಏಮಾರಿದ್ದೆ. 6.25 ಅನ್ನುವುದು ಡೇಟಾ ಕಂಪ್ರೆಸ್ ಆದರೆ ಮಾತ್ರ, ನಿಜವಾದ ಜಾಗ 2.5. ವಿಡಿಯೊ ಕ್ಯಾಮೆರಾದಲ್ಲೇ ಹಿಂಡಿಸಿಕೊಂಡು ಬಂದಿರುತ್ತದೆ, ಇನ್ನೇನು ಕುಗ್ಗೀತು? ಸುಮ್ನೆ ಒಂದು ಧಾರೆಯ ಕ್ಲಿಪ್ ಜಿಪ್ ಮಾಡಿ ನೋಡಿದೆ, ನೂರಕ್ಕೆ ಒಂದೂ ಕಮ್ಮಿ ಆಗಲಿಲ್ಲ. ಆಮೇಲೆ, ವಿಂಡೋಸ್ ತೋರಿಸುವ ಟಿಬಿ ಕೆಬಿ, ಎಂಬಿ, ಜಿಬಿ, ಟಿಬಿ ಅಂತ ಪ್ರತಿ ಮೆಟ್ಟಿಲಿಗೂ 1024ರ ಲೆಕ್ಕದ್ದು, ಅಸಲಿ ಹೆಸರು ಟೆಬಿಬೈಟ್. 1998ರಲ್ಲೇ ಇಟ್ಟ ಹೆಸರು, ಬಳಸುವವರು ಯಾರು? ಟೇಪಿನವರದು, ಡಿಸ್ಕಿನವರದು 1000ದ ಲೆಕ್ಕ. ಅವರ ಪ್ರಕಾರ ನನ್ನ 42 ಅಂದರೆ 46ರ ಮೇಲೆ. ಟೇಪಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎಲ್‌ಟಿಎಫ್‌ಎಸ್ ವ್ಯವಸ್ಥೆ ತನ್ನ ಪಾಲು ತಿಂದ ಮೇಲೆ ಒಂದು ಕಾಪಿಗೇ 20 ಟೇಪ್ ಬೇಕಾಯಿತು.

ಈಗ ಬೈಟಿನಲ್ಲೇ ಬರೆದಿಡುತ್ತೇನೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಬ್ರಾಕೆಟ್ಟಿನೊಳಗೆ ಉದ್ದದ ಸಂಖ್ಯೆ ಇರುತ್ತದಲ್ವಾ, ಅದರ ಕೊನೆಯ 12 ಅಂಕಿ ಮುಚ್ಚಿದರೆ ಉಳಿದದ್ದು ಟಿಬಿ. ಲಕ್ಷ ಕೋಟಿ ಬೈಟಿಗೆ ಒಂದು ಟಿಬಿ, ಅಷ್ಟೇ. ಟಿಬಿಯ ಮೇಲಿನ ಮೆಟ್ಟಿಲು ಪೆಟಾಬೈಟಿಗೆ ಹೋದರೆ ಈ ಎರಡು ಲೆಕ್ಕದ ಅಂತರ ನೂರಕ್ಕೆ ಹನ್ನೆರಡೂವರೆ ದಾಟುತ್ತದೆ, ಅಲ್ಲಿಯವರೆಗೆ ನಾನು ಬೆಳೆಯುವುದಿಲ್ಲ ಬಿಡಿ.

ಎರಡನೇ ಪೆಟ್ಟು ಫೋಟೊಗಳದ್ದು. ಹಳೇ ಯುಎಸ್‌ಬಿ ಡಿಸ್ಕಿನಿಂದ ಚಿಕ್ಕ ಚಿಕ್ಕ ಫೈಲ್ ನೇರ ಕಳಿಸಿದೆ. ಡೇಟಾ ಸಾಲದೆ ಡ್ರೈವ್ ನಿಲ್ಲುವುದು, ಟೇಪನ್ನು ಹಿಂದಕ್ಕೆ ಎಳೆಯುವುದು, ಮತ್ತೆ ಓಡುವುದು. ರಾತ್ರಿಯಿಡೀ ಕಿರ್ರ್ ಕಿರ್ರ್. ಎರಡು ಟೇಪ್ ಅರ್ಧಕ್ಕೇ ಬಿಟ್ಟು ಮತ್ತೆ ಬರೆದೆ. ಕೊನೆಗೆ ಒಂದೊಂದು ಮದುವೆಯ ಫೋಟೊಗಳನ್ನು ಒಂದೇ ಟಾರ್ ಫೈಲ್ (ಹಲವು ಫೈಲ್ ಕಟ್ಟಿದ ಒಂದು ಗಂಟು) ಮಾಡಿ, ವೇಗದ ಎಸ್‌ಎಸ್‌ಡಿ ಡಿಸ್ಕಿಗೆ ಇಳಿಸಿ, ಅಲ್ಲಿಂದ ಬಿಟ್ಟೆ. ಒಂದು ಟೇಪ್ ನಾಲ್ಕೂವರೆ ಗಂಟೆಯಲ್ಲಿ ತುಂಬಿತು. ಟಾರ್‌ಗೆ ಹೆಸರಿಡುವುದರಲ್ಲಿ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಸೆಕೆಂಡ್‌ಹ್ಯಾಂಡ್ ಡ್ರೈವ್, ಕಾರ್ಡು, ಕೇಬಲ್ ಸೇರಿ ಐವತ್ತು ಸಾವಿರದ ಹತ್ತಿರ, 42 ಟೇಪಿಗೆ ಒಂದು ಲಕ್ಷದ ಮೇಲೆ. ಡ್ರೈವ್ ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳಬೇಡಿ. ಎರಡು ಟೇಪ್ ಖಾಲಿ ಉಳಿದಿವೆ, ಮಾಘದ ಮದುವೆಗಳಿಗೆ.