ಹೂಮಳೆ ಬೀಳಲಿ, ಫ್ರೇಮ್ ಬೀಳದಿರಲಿ

ಮುಖ ತೋರಿಸದೆ, ತಮ್ಮಂತೆಯೇ ಚಲಿಸುವ ಕಂಪ್ಯೂಟರ್ ಗೊಂಬೆಯನ್ನು, ಅಂದರೆ ಅವತಾರನ್ನು, ಮುಂದಿಟ್ಟುಕೊಂಡು ಲೈವ್ ಬರುವವರಿಗೆ ವಿಟ್ಯೂಬರ್ ಎಂದು ಹೆಸರು. 2016ರಲ್ಲಿ ಜಪಾನಿನ ಕಿಜುನಾ ಐ ಚಾನೆಲ್ ಶುರುವಾದ ಮೇಲೆ ಈ ಹೆಸರು ಬಳಕೆಗೆ ಬಂತು. ಇಲ್ಲಿ ನೋಡುಗರು ಸುಮ್ಮನೆ ಕೂರುವುದಿಲ್ಲ. ಪಾಯಿಂಟ್ ಕೊಟ್ಟು ಅವತಾರ್ ತಲೆಗೆ ಟೊಮೆಟೊ ಎಸೆಯುತ್ತಾರೆ, ಟೋಪಿ ತೊಡಿಸುತ್ತಾರೆ, ಹೂಮಳೆ ಸುರಿಸುತ್ತಾರೆ. ಆದರೆ ಅವತಾರ್ ಬಿಡಿಸುವುದು, ಗೇಮ್ ಓಡಿಸುವುದು, ಲೈವ್ ಕಳಿಸುವ ಸಾಫ್ಟ್‌ವೇರ್ ಆದ ಒಬಿಎಸ್‌ನ ದೃಶ್ಯ ಜೋಡಿಸುವುದು ಎಲ್ಲವೂ ಒಂದೇ ಜಿಪಿಯುವಿನ (ಗ್ರಾಫಿಕ್ಸ್ ಚಿಪ್‌ನ) ತಲೆಯ ಮೇಲೆ. ಹಾಗಾಗಿ ಜನ ಹುರುಪಿಗೆ ಬಂದ ಗಳಿಗೆಯಲ್ಲೇ ವಿಡಿಯೊ ತಡವರಿಸುತ್ತದೆ. ಜಾತ್ರೆ ನೆರೆದ ಹೊತ್ತಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ; ಬಿಡುವಿನ ಹೊತ್ತು ತಾನಾಗಿಯೇ ಸರಿಹೋಗುತ್ತದೆ.

1. ತೊಂದರೆ ಎಲ್ಲಿದೆ, ನೋಡಿ

ಫ್ರೇಮ್ ಎಂದರೆ ವಿಡಿಯೊದ ಒಂದು ಬಿಡಿ ಚಿತ್ರ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್, 30 ಎಂದರೆ 33.3. ಒಬಿಎಸ್‌ನ ಸ್ಟ್ಯಾಟ್ಸ್ ತೆರೆದರೆ ಕಳೆದುಹೋದ ಫ್ರೇಮ್‌ಗಳ ಮೂರು ಲೆಕ್ಕ ಕಾಣುತ್ತದೆ. ರೆಂಡರಿಂಗ್ ಸಾಲಿನಲ್ಲಿ ಅಂಕಿ ಏರುತ್ತಿದ್ದರೆ ಜಿಪಿಯುವಿಗೆ ಬಿಡುವಿಲ್ಲ. ಎನ್‌ಕೋಡಿಂಗ್ ಸಾಲು ಏರಿದರೆ ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಹಿಂದೆ ಬಿದ್ದಿದೆ. ಸಿಪಿಯು ಮೇಲೆ ಓಡುವ ಎಕ್ಸ್264 ಬಳಸುತ್ತಿದ್ದರೆ, ಗ್ರಾಫಿಕ್ಸ್ ಕಾರ್ಡ್‌ನ ಎನ್‌ವೆಂಕ್‌ನಂಥ (NVENC) ಎನ್‌ಕೋಡರ್‌ಗೆ ಬದಲಿಸಿ. ನೆಟ್‌ವರ್ಕ್ ಸಾಲು ಏರಿದರೆ ತಪ್ಪು ಇಂಟರ್ನೆಟ್ಟಿನದು. ಇದನ್ನು ನೋಡದೆ ಅವತಾರ್‌ನ ಕೂದಲು ಕತ್ತರಿಸಲು ಹೊರಡುವವರೇ ಹೆಚ್ಚು.

2. ಜಾಗ ಉಳಿಸಿ

ಯಾರೂ ಏನೂ ಎಸೆಯದಿರುವಾಗ ಜಿಪಿಯು ಬಳಕೆ 70 ಶೇಕಡಾ ಆಸುಪಾಸಿನಲ್ಲಿ ನಿಲ್ಲಬೇಕು. ಗೇಮ್‌ಗೆ ಫ್ರೇಮ್ ಮಿತಿ ಹಾಕಿ. ಮಿತಿಯಿಲ್ಲದ ಗೇಮ್ ಸಿಕ್ಕಷ್ಟನ್ನೂ ನುಂಗುತ್ತದೆ. ನಿಮ್ಮ ಮುಖದ ಚಲನೆ ಹಿಡಿಯುವ ವೆಬ್‌ಕ್ಯಾಮ್ ಕೊಡುವುದೇ 30 ಫ್ರೇಮ್ ಆಗಿರುವಾಗ ಅವತಾರನ್ನು 120ರಲ್ಲಿ ಓಡಿಸಿ ಗಳಿಸುವುದೇನೂ ಇಲ್ಲ. ವಿಂಡೋಸ್‌ನಲ್ಲಿ ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಜಿಪಿಯು ಸರದಿಯಲ್ಲಿ ಅದಕ್ಕೆ ಆದ್ಯತೆ ಸಿಗುತ್ತದೆ.

ಅವತಾರ್‌ನಲ್ಲಿ ಮೊದಲು ಟೆಕ್ಸ್ಚರ್, ಅಂದರೆ ಅದರ ಮೈಗೆ ಹೊದಿಸಿದ ಚಿತ್ರ, ನೋಡಿ. 8192 ಪಿಕ್ಸೆಲ್ ಚೌಕದ ಒಂದು ಟೆಕ್ಸ್ಚರ್, ಕಂಪ್ರೆಸ್ ಮಾಡದಿದ್ದರೆ 256 ಎಂಬಿ ವಿಡಿಯೊ ಮೆಮೊರಿ ಹಿಡಿಯುತ್ತದೆ; 4096ಕ್ಕೆ ಇಳಿಸಿದರೆ 64 ಎಂಬಿ. ತೆರೆಯ ಮೂಲೆಯಲ್ಲಿ ಅಂಗೈಯಷ್ಟು ಕಾಣುವ ಅವತಾರ್‌ಗೆ ಅಷ್ಟು ಧಾರಾಳ ಸಾಕು. ಚಪ್ಪಟೆ ಚಿತ್ರವನ್ನೇ ಚಲಿಸುವಂತೆ ಮಾಡುವ ಲೈವ್2ಡಿ ಮಾದರಿಯಾದರೆ ಕ್ಲಿಪಿಂಗ್ ಮಾಸ್ಕ್‌ಗಳನ್ನೂ (ಒಂದು ಭಾಗ ಇನ್ನೊಂದರ ಅಂಚು ದಾಟದಂತೆ ಮರೆಮಾಡುವವು) ಕಡಿಮೆ ಮಾಡಿ.

3. ಎಸೆದದ್ದು ಎಷ್ಟು ಹೊತ್ತು ಇರಬೇಕು?

ಇಡೀ ವ್ಯವಸ್ಥೆಯ ಗುಟ್ಟು ಒಂದು ಗುಣಾಕಾರದಲ್ಲಿದೆ. ಸೆಕೆಂಡಿಗೆ 8 ಟೊಮೆಟೊ ಬರುತ್ತಿವೆ, ಪ್ರತಿಯೊಂದೂ 10 ಸೆಕೆಂಡ್ ಉಳಿಯುತ್ತದೆ ಎಂದರೆ ತೆರೆಯ ಮೇಲೆ ಸದಾ 80 ಟೊಮೆಟೊ. ಆಯುಷ್ಯವನ್ನು 3 ಸೆಕೆಂಡಿಗೆ ಇಳಿಸಿದರೆ 24. ಎಸೆದವರ ಸಂಖ್ಯೆ ಒಂದೂ ಕಡಿಮೆಯಾಗಲಿಲ್ಲ, ಹೊರೆ ಮೂರನೇ ಒಂದಕ್ಕಿಂತ ಕೆಳಗಿಳಿಯಿತು. ಇದರ ಜೊತೆಗೆ ಒಟ್ಟು ವಸ್ತುಗಳಿಗೆ ಗರಿಷ್ಠ ಮಿತಿ ಇಡಿ, 30 ಎನ್ನಿ. ಮೀರಿದ್ದು ಸಾಲಿನಲ್ಲಿ ಕಾಯಲಿ. ಕಿತ್ತುಹಾಕಬೇಡಿ, ಪಾಯಿಂಟ್ ಖರ್ಚು ಮಾಡಿದವರು ಸುಮ್ಮನಿರುವುದಿಲ್ಲ.

ಹೂಮಳೆಯ ಕಥೆ ಬೇರೆ. ಅರೆಪಾರದರ್ಶಕ ಎಸಳುಗಳು ಒಂದರ ಮೇಲೊಂದು ಬಿದ್ದಾಗ ಅದೇ ಪಿಕ್ಸೆಲ್‌ಗೆ ಜಿಪಿಯು ಹತ್ತಾರು ಸಲ ಬಣ್ಣ ಹಚ್ಚಬೇಕು. ಆದ್ದರಿಂದ ದೊಡ್ಡ 20 ಎಸಳುಗಳು ಪುಟ್ಟ 100ಕ್ಕಿಂತ ದುಬಾರಿಯಾಗಬಹುದು. ಇನ್ನೊಂದು ಪೆಟ್ಟು ಬೀಳುವುದು ಬಿಟ್‌ರೇಟಿಗೆ, ಅಂದರೆ ಸೆಕೆಂಡಿಗೆ ಕಳಿಸುವ ದತ್ತಾಂಶದ ಪ್ರಮಾಣಕ್ಕೆ. 6000 ಕೆಬಿಪಿಎಸ್‌ನಲ್ಲಿ 60 ಫ್ರೇಮ್ ಕಳಿಸಿದರೆ ಫ್ರೇಮಿಗೆ ಸರಾಸರಿ 100 ಕಿಲೊಬಿಟ್ ಮಾತ್ರ. ತೆರೆಯ ತುಂಬ ಸಣ್ಣಸಣ್ಣದು ಚಲಿಸಿದರೆ ಅದು ಸಾಲದೆ ಅವತಾರ್‌ನ ಮುಖವೇ ಚೌಕಚೌಕವಾಗುತ್ತದೆ. ಸ್ಟ್ಯಾಟ್ಸ್‌ನಲ್ಲಿ ಇದರ ಸುಳಿವೂ ಸಿಗದು. ಮಳೆಯನ್ನು ತೆರೆಯ ಒಂದು ಬದಿಗೆ, 4 ಸೆಕೆಂಡಿಗೆ ಸೀಮಿತಗೊಳಿಸಿ.

4. ನೂರು ಕೈ, ಒಂದು ಚಿತ್ರ

ಚಾಟ್‌ನಲ್ಲಿ 200 ಜನ ಒಂದೇ ಪದ ಹೊಡೆದರೆ 200 ಬಲೂನು ಬಿಡಬೇಕಿಲ್ಲ. ಎಣಿಸಿ, ಒಂದೇ ಬಲೂನನ್ನು ಊದಿಸಿ. 200 ಮುಟ್ಟಿದಾಗ ಒಡೆಯಲಿ. ಎಣಿಕೆಗೆ ಜಿಪಿಯು ಬೇಕಿಲ್ಲ. ನಮ್ಮ ಮಟ್ಟಿಗೆ ಒಬ್ಬೊಬ್ಬರ ಟೊಮೆಟೊಗಿಂತ ಇದರಲ್ಲೇ ಮಜಾ ಜಾಸ್ತಿ.

ವೇಷ ಬದಲಾವಣೆ, ಹೊಸ ಹಿನ್ನೆಲೆಯಂಥ ಭಾರದ ಆಟಗಳನ್ನು ಅಪರೂಪವಾಗಿಡಿ. ಲೈವ್ ತಾಣವಾದ ಟ್ವಿಚ್‌ನ ಚಾನೆಲ್ ಪಾಯಿಂಟ್ಸ್‌ನಲ್ಲಿ ಎರಡು ಬಳಕೆಗಳ ನಡುವಿನ ಅಂತರ, ಒಂದು ಲೈವ್‌ಗೆ ಎಷ್ಟು, ಒಬ್ಬರಿಗೆ ಎಷ್ಟು ಎಂದು ಮೂರನ್ನೂ ನಿಗದಿ ಮಾಡಬಹುದು. ವೇಷವನ್ನು ಮೊದಲೇ ಲೋಡ್ ಮಾಡಿಡಿ. ಒತ್ತಿದ ಮೇಲೆ ಡಿಸ್ಕಿನಿಂದ ತಂದರೆ ಚಿತ್ರ ಒಂದು ಗಳಿಗೆ ಕಲ್ಲಾಗುತ್ತದೆ.

ಲೈವ್ ವಿಡಿಯೊ ನೋಡುಗರನ್ನು ತಲುಪುವುದು ಕೆಲವು ಸೆಕೆಂಡ್ ತಡವಾಗಿ. ಅಷ್ಟರಲ್ಲಿ ಏನೂ ಕಾಣದೆ ಅವರು ಮತ್ತೆ ಒತ್ತುತ್ತಾರೆ, ಹೊರೆ ಸುಮ್ಮನೆ ಇಮ್ಮಡಿಸುತ್ತದೆ. ಚಾಟ್ ಬಾಟ್‌ನಿಂದ ಕೂಡಲೇ "ಬಂತು, ಸಾಲಿನಲ್ಲಿದೆ" ಎಂದು ಹೇಳಿಸಿ.

5. ದಾಳಿ ಮಾಡಿಸಿ ನೋಡಿ

ಲೈವ್ ಹೋಗುವ ಮುನ್ನ, ಅತಿ ಭಾರದ ಗೇಮ್ ದೃಶ್ಯವನ್ನೇ ತೆರೆದು ರೆಕಾರ್ಡಿಂಗ್ ಹಾಕಿ. ರೆಕಾರ್ಡಿಂಗ್‌ಗೂ ಲೈವ್‌ನ ಬಿಟ್‌ರೇಟೇ ಇರಲಿ. ಒಂದೇ ನಿಮಿಷದಲ್ಲಿ 100 ಎಸೆತ, ನಡುವೆ ಒಂದು ಹೂಮಳೆ, ಒಂದು ವೇಷ ಬದಲಾವಣೆ ಕೊಡಿ. ರೆಂಡರಿಂಗ್ ಸಾಲು ಸೊನ್ನೆಯಲ್ಲೇ ಇರಬೇಕು. ಏರಿದರೆ ಮೊದಲು ವಸ್ತುಗಳ ಆಯುಷ್ಯ ಇಳಿಸಿ, ಆಮೇಲೆ ಗರಿಷ್ಠ ಮಿತಿ, ಕೊನೆಗೆ ಗೇಮ್‌ನ ನೆರಳಿನ ಗುಣಮಟ್ಟ. ಸೊನ್ನೆಯಾಗಿದ್ದರೂ ರೆಕಾರ್ಡಿಂಗ್ ಅನ್ನು ಒಮ್ಮೆ ಫೋನಿನಲ್ಲಿ ನೋಡಿ. ಹೂಮಳೆಯ ಹೊತ್ತಿಗೆ ಅವತಾರ್‌ನ ಕಣ್ಣು ಸ್ಪಷ್ಟವಾಗಿ ಕಾಣದಿದ್ದರೆ ಎಸಳುಗಳನ್ನು ಅರ್ಧಕ್ಕೆ ಇಳಿಸಿ.