ಇಲಿ ಬೆಲ್ಲ ಕದ್ದು ಮರ ಹತ್ತಿತು: ಕಣ್ಣು ಕಟ್ಟಿಕೊಂಡು ಕ್ಯೂಬ್ ಬಿಡಿಸಿದ ನನ್ನ ಅನುಭವ

ಕನ್ನಡ ಅಕ್ಷರ ಇಟ್ಟುಕೊಂಡು ಬ್ಲೈಂಡ್ ಸಾಲ್ವ್ (ರೂಬಿಕ್ಸ್ ಕ್ಯೂಬನ್ನು ನೋಡಿ ನೆನಪಿಟ್ಟುಕೊಂಡು, ಕಣ್ಣು ಕಟ್ಟಿಕೊಂಡು ಬಿಡಿಸುವುದು) ಆಗಲ್ಲ ಅಂತ ನಮ್ಮ ಗುಂಪಿನವರೆಲ್ಲ ಹೇಳಿದ್ದರು. ಕ್ಯೂಬಿನ ಎಡ್ಜ್ (ಎರಡು ಬಣ್ಣದ ಅಂಚಿನ ತುಂಡು) ಸ್ಟಿಕರ್ 24, ಕಾರ್ನರ್ (ಮೂರು ಬಣ್ಣದ ಮೂಲೆ ತುಂಡು) ಸ್ಟಿಕರ್ 24. ಒಂದೊಂದಕ್ಕೂ ಒಂದು ಅಕ್ಷರ ಕೊಟ್ಟು, ಯಾವ ತುಂಡು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅಕ್ಷರಗಳ ಪಟ್ಟಿ ಮಾಡಿ, ಎರಡೆರಡು ಅಕ್ಷರಕ್ಕೆ ಒಂದು ಪದ ಕಟ್ಟಿ ನೆನಪಿಡಬೇಕು. ಅವರು ಬಳಸುವುದು ಇಂಗ್ಲಿಷಿನ ಎ ಯಿಂದ ಎಕ್ಸ್ ತನಕದ 24 ಅಕ್ಷರ. ನಾನೂ ಮೂರು ತಿಂಗಳು ಅದರಲ್ಲೇ ಒದ್ದಾಡಿದೆ. ಪದ ಹೊಳೆಯುವಷ್ಟರಲ್ಲಿ ಹಿಂದಿನ ಪದ ಮರೆತಿರುತ್ತಿತ್ತು.

ಕನ್ನಡಕ್ಕೆ ಬಂದಾಗ ಮೊದಲು ಪೆದ್ದುತನ ಮಾಡಿದೆ. ಕ ಖ ಗ ಘ ಙ ಅಂತ ಸಾಲಾಗಿ ಹಂಚಿಬಿಟ್ಟೆ. ಘ-ಝ ಬಂದರೆ ಏನು ಪದ ಕಟ್ಟುತ್ತೀರಿ? ಎರಡು ವಾರ ಹಾಳು.

ಆಮೇಲೆ ಮಹಾಪ್ರಾಣಗಳನ್ನೆಲ್ಲ ಕಿತ್ತು ಹಾಕಿದೆ. ಅ ಇ ಉ ಎ ಒ, ಐದು ಸ್ವರ. ಕ ಗ ಚ ಜ ಟ ಡ ತ ದ ನ ಪ ಬ ಮ ಯ ರ ಲ ವ ಸ ಹ ಳ, 19 ವ್ಯಂಜನ. ಸರಿಯಾಗಿ 24! ಳ ದಿಂದ ಪದ ಶುರುವಾಗುವುದಿಲ್ಲ ಅಲ್ವಾ, ಅದನ್ನು ಬಫರ್ (ಪ್ರತಿ ಅದಲುಬದಲೂ ಶುರುವಾಗುವ ಜಾಗ) ಸ್ಟಿಕರ್‌ಗೆ ಕೊಟ್ಟೆ. ಬಫರ್‌ನ ಅಕ್ಷರ ಹೇಗೂ ಪಟ್ಟಿಯಲ್ಲಿ ಬರುವುದೇ ಇಲ್ಲ. ಇದು ಹೊಳೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮ-ರ ಬಂದರೆ ಮರ, ಇ-ಲ ಬಂದರೆ ಇಲಿ. ವ್ಯಂಜನದ ಮುಂದೆ ಸ್ವರ ಬಂದರೆ ಕಾಗುಣಿತ: ಬ-ಎ ಅಂದರೆ ಬೆ, ಬೆಲ್ಲ. ಆದರೆ ಹ-ಉ ಗೆ ಹುಲಿ ಇಟ್ಟಿದ್ದೆ, ಹ-ಲ ಗೂ ಹುಲಿಯೇ ನೆನಪಾಯಿತು. ಆ ಒಂದು ಹುಲಿ ನನ್ನ ಹತ್ತು ಹನ್ನೆರಡು ಸಾಲ್ವ್ ತಿಂದಿದೆ. ಈಗ ನಿಯಮ ಮಾಡಿಕೊಂಡಿದ್ದೇನೆ: ಕಾಗುಣಿತದ ಜೋಡಿ ಬಂದರೆ ತಿನ್ನುವ ವಸ್ತು ಮಾತ್ರ. ಹುಣಸೆ, ಮುದ್ದೆ, ತೊಗರಿ, ಕಿತ್ತಳೆ. ಎರಡು ಸ್ವರ ಒಟ್ಟಿಗೆ ಬಂದರೆ ಏನು ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನೆನಪಿಡಲು ಪದಗಳನ್ನು ಮನಸ್ಸಿನಲ್ಲೇ ಅಜ್ಜಿ ಮನೆಯಲ್ಲಿ ಸಾಲಾಗಿ ಇಡುತ್ತೇನೆ. ಎಡ್ಜ್‌ಗಳು ಜಗಲಿಯಿಂದ ನಡುಮನೆವರೆಗೆ, ಕಾರ್ನರ್‌ಗಳು ಅಡಿಗೆಮನೆ ಮತ್ತು ಹಿತ್ತಿಲಲ್ಲಿ. ಮೊದಲ ಸಲ ಗೆದ್ದ ಸಾಲ್ವ್ ಶುರುವಾಗಿದ್ದು ಹೀಗೆ: ಜಗಲಿಯಲ್ಲಿ ಇಲಿ ಬೆಲ್ಲ ಕದ್ದು ಮರ ಹತ್ತಿತು, ಹಗ್ಗ ಕೆಳಗೆ ನೇತಾಡುತ್ತಿತ್ತು. ಒಟ್ಟು ಹತ್ತು ಪದ ಇದ್ದಿರಬೇಕು. 11 ನಿಮಿಷ ಚಿಲ್ಲರೆ ಹಿಡಿಯಿತು. ಕಣ್ಣಿಗೆ ಕಟ್ಟಿದ ಬಟ್ಟೆ ತೆಗೆದಾಗ ಆರೂ ಮುಖ ಸರಿಯಾಗಿತ್ತು. ಅದಕ್ಕೆ ಮುಂಚೆ ಸುಮಾರು 70 ಡಿಎನ್‌ಎಫ್ (ಪೂರ್ತಿ ಬಿಡಿಸಲಾಗದ ಪ್ರಯತ್ನ) ಆಗಿದ್ದವು.

ಎಡ್ಜ್ ಬಿಡಿಸಲು ಎಂ2 ಅನ್ನುವ ಬೇಗದ ವಿಧಾನ ಕಲಿ ಅಂತ ಎಲ್ಲರೂ ತಲೆ ತಿಂದರು. ಒಂದು ತಿಂಗಳು ನೋಡಿದೆ. ಕ್ಯೂಬಿನ ನಡು ಸಾಲಿನ ಅಕ್ಷರಗಳು ಒಮ್ಮೆ ಹೀಗೆ, ಒಮ್ಮೆ ಹಾಗೆ ಅದಲುಬದಲಾಗುವುದು ನನ್ನ ತಲೆಗೆ ಹತ್ತಲಿಲ್ಲ. ಮೊದಲಿನ ‘ಓಲ್ಡ್ ಪೋಕ್ಮನ್’ ವಿಧಾನಕ್ಕೇ ವಾಪಸ್ ಬಂದೆ. ಅದರಲ್ಲಿ ಎಡ್ಜ್ ಅದಲುಬದಲು ಮಾಡುವ ಒಂದೊಂದು ಟಿ-ಪರ್ಮ್‌ಗೂ 14 ತಿರುವು, ಬೆರಳು ನೋಯುತ್ತದೆ, ಇರಲಿ.

ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಪದ್ಧತಿಯನ್ನೂ ಸುಮ್ನೆ ಬಿಡಲಿಲ್ಲ. ಸಂಗೀತ ಕಲಿತವರಿಗೆ ಗೊತ್ತು: ಮಾಯಾಮಾಳವಗೌಳ ರಾಗದ ಹೆಸರಲ್ಲಿ ಮಾ 5, ಯಾ 1, ತಿರುಗಿಸಿದರೆ 15ನೇ ಮೇಳ. ಸ್ಟಿಕರ್‌ಗಳಿಗೆ ನಂಬರ್ ಕೊಟ್ಟು ಹಾಗೇ ಪದ ಮಾಡಿದೆ. ಪದಗಳೇನೋ ಚೆನ್ನಾಗಿ ಬಂದವು. ಆದರೆ ನಂಬರಿಂದ ಅಕ್ಷರಕ್ಕೆ, ಅಕ್ಷರದಿಂದ ನಂಬರಿಗೆ ಓಡಾಡಿ ಬರೀ ನೋಡುವುದಕ್ಕೇ 9 ನಿಮಿಷ ಹೋಯಿತು. ಸ್ಪರ್ಧೆಯಲ್ಲಿ ನೋಡುವ ಸಮಯವನ್ನೂ ಲೆಕ್ಕ ಹಿಡಿಯುತ್ತಾರೆ. ಕೈಬಿಟ್ಟೆ.

ದುಡ್ಡಿನ ವಿಷಯ. ಶುರುವಿನಲ್ಲಿ ಜಾತ್ರೆಯ 80 ರೂಪಾಯಿ ಕ್ಯೂಬ್. ಕಣ್ಣು ಕಟ್ಟಿದಾಗ ಅದರ ಮೂಲೆ ತಾನೇ ತಿರುಚಿಕೊಳ್ಳುತ್ತಿತ್ತು, ಎಲ್ಲ ಸರಿ ಮಾಡಿದರೂ ಕೊನೆಗೆ ಒಂದು ಮೂಲೆ ಅಣಕಿಸುತ್ತಿತ್ತು. ಕೊಬ್ಬರಿ ಎಣ್ಣೆ ಬಿಟ್ಟೆ, ವಾರಕ್ಕೆಲ್ಲ ಧೂಳು ಹಿಡಿದು ಅಂಟಾಯಿತು. ಕೊನೆಗೆ ಮ್ಯಾಗ್ನೆಟ್ ಇರುವ ಮೋಯು ಕಂಪನಿಯ ಕ್ಯೂಬ್, 900ರ ಆಸುಪಾಸು. ಸಿಲಿಕಾನ್ ಲ್ಯೂಬ್, ಇನ್ನೊಂದು ಕ್ಯೂಬ್, ಕಣ್ಣುಪಟ್ಟಿ ಸೇರಿ 2,500 ದಾಟಿದೆ. ಮನೆಯಲ್ಲಿ 500 ಅಂತ ಹೇಳಿದ್ದೇನೆ.

ಈಗ ಹತ್ತರಲ್ಲಿ ಆರೇಳು ಸರಿಹೋಗುತ್ತವೆ. ಜಾಸ್ತಿ ಸಲ ನಾಲ್ಕು ನಿಮಿಷದೊಳಗೆ, ಒಮ್ಮೆ ಮಾತ್ರ ಮೂರರೊಳಗೆ. ಆಗಲ್ಲ ಅಂದಿದ್ದವರಲ್ಲಿ ಒಬ್ಬ ಹೋದ ತಿಂಗಳು ಪದಗಳ ಪಟ್ಟಿ ಕೇಳಿದ. ಸ್ವರದ ಜೋಡಿ ಬಿಟ್ಟು ಉಳಿದದ್ದು ಕೊಟ್ಟೆ.

ಈಗ 4×4 (ಪ್ರತಿ ಮುಖದಲ್ಲಿ 16 ಚೌಕದ ಕ್ಯೂಬ್) ಕೈಗೆತ್ತಿಕೊಂಡಿದ್ದೇನೆ. ಅಲ್ಲಿ ಎಡ್ಜ್ 24, ಸೆಂಟರ್ (ಮುಖದ ನಡುವಿನ ತುಂಡು) 24. ಅಜ್ಜಿ ಮನೆ ಸಾಲುತ್ತಿಲ್ಲ, ಸದ್ಯಕ್ಕೆ ಪಕ್ಕದ ಮನೆಯವರ ಕೊಟ್ಟಿಗೆಯನ್ನೂ ಸೇರಿಸಿಕೊಂಡಿದ್ದೇನೆ.