ಬ್ಯಾಟಿಂಗ್ ಆರ್ಡರ್ ಬದಲಿಸಿದರೆ ರನ್ ಜಾಸ್ತಿ ಬರುತ್ತಾ? ಕಂಪ್ಯೂಟರಿನಲ್ಲಿ ಆಡಿಸಿ ನೋಡಿ

ಬೇಸ್‌ಬಾಲ್ ಲೆಕ್ಕವನ್ನು ಪ್ರಾಜೆಕ್ಟ್ ಮಾಡಿಕೊಳ್ಳುವ ಇಂಜಿನಿಯರಿಂಗ್ ಹುಡುಗರು ಬೆಂಗಳೂರಿನಲ್ಲಿ ಈಗೀಗ ಸಿಗುತ್ತಾರೆ. ಒಂಬತ್ತು ಬ್ಯಾಟರ್‌ಗಳನ್ನು 3,62,880 ರೀತಿಯಲ್ಲಿ ಸಾಲು ನಿಲ್ಲಿಸಬಹುದು. ಯಾವ ಸಾಲಿಗೆ ರನ್ ಜಾಸ್ತಿ ಅಂತ ಹುಡುಕುವುದು ಒಳ್ಳೆಯ ಕೆಲಸವೇ. ಆದರೆ ಕ್ರಿಕೆಟ್ ತಲೆ ಇಟ್ಟುಕೊಂಡು ಕೋಡ್ ಬರೆದು ಕೆಡಿಸುತ್ತಾರೆ.

ಹಂತ 1: ಪ್ರತಿ ಬ್ಯಾಟರ್‌ನ ಸಿಂಗಲ್, ಡಬಲ್, ಟ್ರಿಪಲ್ (ಒಂದೇ ಹೊಡೆತಕ್ಕೆ ಒಂದು, ಎರಡು, ಮೂರನೇ ಬೇಸ್ ತಲುಪುವುದು; ಬೇಸ್ ಅಂದರೆ ರನ್‌ಗಾಗಿ ಸುತ್ತಬೇಕಾದ ಮೂಲೆಗಳು), ಹೋಮ್ ರನ್ (ಒಂದೇ ಹೊಡೆತಕ್ಕೆ ಪೂರ್ತಿ ಸುತ್ತು), ವಾಕ್ (ಹೊಡೆಯದೆಯೇ ಸಿಗುವ ಮೊದಲ ಬೇಸ್) ಸಂಖ್ಯೆಗಳನ್ನು ಬ್ಯಾಟಿಂಗ್‌ಗೆ ಬಂದ ಒಟ್ಟು ಸರದಿ, ಅಂದರೆ ಪ್ಲೇಟ್ ಅಪಿಯರೆನ್ಸ್‌ನಿಂದ ಭಾಗಿಸಿ. ಅಟ್-ಬ್ಯಾಟ್‌ನಿಂದ ಬೇಡ, ಅದರಲ್ಲಿ ವಾಕ್ ಸೇರಿರುವುದಿಲ್ಲ. ಉಳಿದದ್ದೆಲ್ಲ ಔಟ್ ಅಂದುಕೊಳ್ಳಿ.

ಹಂತ 2: ಮೂರು ಔಟಿಗೆ ಒಂದು ಇನಿಂಗ್ಸ್, ಅಂಥ ಒಂಬತ್ತು ಸೇರಿದರೆ ಒಂದು ಆಟ. ಪ್ರತಿ ಸರದಿಯಲ್ಲೂ ಏನಾಯಿತು ಅಂತ ಹಂತ 1ರ ಲೆಕ್ಕದ ಪ್ರಕಾರ ರ‍್ಯಾಂಡಮ್ ಸಂಖ್ಯೆಯಿಂದ ಆರಿಸಿ, ಬೇಸ್ ಮೇಲಿರುವ ಓಟಗಾರರನ್ನು ಮುಂದೆ ಸರಿಸಿ. ಪೈಥಾನ್‌ನಲ್ಲೇ ಬರೆಯಿರಿ. ಎಕ್ಸೆಲ್ ಬೇಡವೇ ಬೇಡ. ಯಾವುದೋ ಸೆಲ್‌ನಲ್ಲಿ ಒಂದು ಹೆಸರು ತಿದ್ದಿದರೂ ರ‍್ಯಾಂಡಮ್ ಸಂಖ್ಯೆಗಳೆಲ್ಲ ಬದಲಾಗಿ, ಈಗಷ್ಟೇ ಕಂಡ ಸ್ಕೋರ್ ಮಾಯ! ಇನ್ನು 'ಬೆಸ್ಟ್ ಲೈನಪ್' ಹೇಳುವ ಆಪ್‌ಗಳು ಲೆಕ್ಕ ಹೇಗೆ ಹಾಕಿದೆವು ಅಂತ ತೋರಿಸದಿದ್ದರೆ ಸುಮ್ನೆ ದುಡ್ಡು ಕಳೆಯಬೇಡಿ.

ಹಂತ 3: ಎಡವುವುದು ಇಲ್ಲೇ. ಪ್ರತಿ ಇನಿಂಗ್ಸನ್ನೂ ಮೊದಲನೇ ಬ್ಯಾಟರ್‌ನಿಂದ ಶುರು ಮಾಡಿಬಿಡುತ್ತಾರೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಐದನೆಯವನು ಮೂರನೇ ಔಟಾದರೆ ಮುಂದಿನ ಇನಿಂಗ್ಸ್‌ಗೆ ಮೊದಲು ಬರುವವನು ಆರನೆಯವನು. ಔಟಾದವನೂ ಸರದಿ ಬಂದಾಗ ಮತ್ತೆ ಬರುತ್ತಾನೆ. ಹಾಗಾಗಿ ಬ್ಯಾಟರ್ ಸಂಖ್ಯೆಯನ್ನು ಸೊನ್ನೆ ಮಾಡುವ, ಅಂದರೆ ಮತ್ತೆ ಮೊದಲನೆಯವನಿಂದ ಶುರು ಮಾಡಿಸುವ ಕೋಡ್ ಸಾಲು ಇನಿಂಗ್ಸ್ ಲೂಪ್‌ನ ಹೊರಗಿರಬೇಕು. ಒಳಗಿದ್ದರೆ ಮೇಲಿನ ನಾಲ್ಕೈದು ಜನರೇ ಆಡುತ್ತಾರೆ, ಒಂಬತ್ತನೆಯವನಿಗೆ ಸರದಿ ಬರುವುದೇ ಅಪರೂಪ. ಆಗ ಆರ್ಡರ್ ಬದಲಿಸಿದ ಕೂಡಲೇ ರನ್ ಜಿಗಿದ ಹಾಗೆ ಕಾಣುತ್ತದೆ. ಒಂದು ಆಟ ಆಡಿಸಿ, ಯಾರಿಗೆ ಎಷ್ಟು ಸರದಿ ಸಿಕ್ಕಿತು ಅಂತ ಪ್ರಿಂಟ್ ಮಾಡಿ. ಯಾವ ಇಬ್ಬರ ನಡುವೆಯೂ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಸೀಸನ್ನಿಗೆ 162 ಆಟ. ಒಂದು ಸ್ಥಾನ ಕೆಳಗಿಳಿದರೆ ಇಡೀ ಸೀಸನ್ನಿಗೆ ಕಳೆಯುವುದು ಸುಮಾರು 18 ಸರದಿ, ಅಷ್ಟೇ.

ಹಂತ 4: ಒಂದು ಸೀಸನ್ ಆಡಿಸಿ ಗೆದ್ದೆವು ಅನ್ನಬೇಡಿ. ಮೊದಲು ಒಂದೇ ಆರ್ಡರನ್ನು ಎರಡು ಸಲ, 162 ಆಟ ಆಡಿಸಿ. ಏನೂ ಬದಲಿಸದೆಯೇ ಒಟ್ಟು ರನ್ 50ರಷ್ಟು ಆಚೀಚೆ ಆಗುವುದು ಮಾಮೂಲಿ. ಆಮೇಲೆ ಪ್ರತಿ ಆರ್ಡರನ್ನೂ ಒಂದು ಲಕ್ಷ ಆಟ ಆಡಿಸಿ. ಆಗ ಈ ಓಲಾಟ ಸೀಸನ್ನಿನ ಲೆಕ್ಕದಲ್ಲಿ ಎರಡು ಮೂರು ರನ್ನಿಗೆ ಇಳಿಯುತ್ತದೆ. ಆಟಕ್ಕೆ ಸರಾಸರಿ ನಾಲ್ಕೈದು ರನ್ ಬರಬೇಕು. ಒಂಬತ್ತು ಬಂದರೆ ಬೇಸ್ ಮೇಲಿನ ಓಟಗಾರರನ್ನು ಜಾಸ್ತಿ ಓಡಿಸಿದ್ದೀರಿ.

ಹಂತ 5: ಹೋಲಿಸಿ. ಜಾಸ್ತಿ ಸಲ ಬೇಸ್ ತಲುಪುವವರು ಮೇಲಿರಲಿ, ತಂಡದ ಒಳ್ಳೆಯ ಬ್ಯಾಟರ್‌ನನ್ನು ನಾನಾದರೆ ಎರಡನೇ ಸ್ಥಾನಕ್ಕೇ ಹಾಕುತ್ತೇನೆ. ಆದರೂ ತಂಡಗಳು ಮಾಮೂಲಿಯಾಗಿ ಇಳಿಸುವ ಆರ್ಡರ್‌ಗೂ ಅತ್ಯುತ್ತಮ ಆರ್ಡರ್‌ಗೂ ಇರುವ ಅಂತರ ಸೀಸನ್ನಿಗೆ 10-15 ರನ್ ಮಾತ್ರ. ಅಂದರೆ ಹೆಚ್ಚುಕಮ್ಮಿ ಒಂದು ಗೆಲುವು. ನಿಮಗೆ 80 ರನ್ ಲಾಭ ಬಂತಾ? ಹಂತ 3ಕ್ಕೆ ವಾಪಸ್ ಹೋಗಿ.